ಒಡೆದುಹಾಕಿ ಎಂದಿದ್ದ ತಟ್ಟೆಗಳು

16 ಇಂಚು ಅಗಲದ ಒಂದು ಗ್ರಾಮಫೋನ್ ತಟ್ಟೆಯನ್ನ ಕಣ್ಮುಂದೆ ತಂದುಕೊಳ್ಳಿ. ನಮ್ಮಲ್ಲಿ ಹಲವರ ಮನೆಯ ಅಟ್ಟದ ಮೇಲೆ ಇರೋ ಎಲ್‌ಪಿ ರೆಕಾರ್ಡು 12 ಇಂಚಿನದು. ಇದು ಅದಕ್ಕಿಂತ ನಾಲ್ಕು ಇಂಚು ದೊಡ್ಡದು, ಮಾಮೂಲಿ ಪ್ಲೇಯರ್ ಮೇಲೆ ಕೂರೋದೇ ಇಲ್ಲ. ಒಂದು ಬದಿಗೆ ಸುಮಾರು ಹದಿನೈದು ನಿಮಿಷ. ಎರಡೂ ಬದಿ ಸೇರಿದ್ರೆ ಅರ್ಧ ಗಂಟೆಯ ಒಂದು ರೇಡಿಯೊ ಕಾರ್ಯಕ್ರಮ. ಇದು ಅಮೆರಿಕ ಸರ್ಕಾರದ ಸ್ವತ್ತು, ಇದರಿಂದ ಯಾರೂ ದುಡ್ಡು ಮಾಡೋ ಹಾಗಿಲ್ಲ. ಜೊತೆಗೆ ಬಂದ ಆದೇಶ ಇನ್ನೂ ಖಡಕ್ಕು: ಪ್ರಸಾರ ಮುಗಿದ ಮೇಲೆ ವಾಪಸ್ ಕಳಿಸಿ, ಇಲ್ಲಾಂದ್ರೆ ನಾಶ ಮಾಡಿ.

ಆ ಆದೇಶವನ್ನ ಎಲ್ಲರೂ ಚಾಚೂ ತಪ್ಪದೆ ಪಾಲಿಸಿದ್ದಿದ್ರೆ ಇವತ್ತು ಮಾತಾಡೋದಕ್ಕೆ ನನಗೆ ವಿಷಯವೇ ಇರ್ತಿರಲಿಲ್ಲ.

1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ದಾಳಿ ಆಯ್ತು. ಅಮೆರಿಕದ ಹುಡುಗರು ಹೆಸರೇ ಕೇಳಿರದ ದ್ವೀಪಗಳಿಗೆ, ಮರಳುಗಾಡುಗಳಿಗೆ ಹೊರಟರು. ಸಂಜೆಯಾದ್ರೆ ರೇಡಿಯೊ ಸುತ್ತ ಕೂತು ಬೆಳೆದ ತಲೆಮಾರು ಅದು. ಅಲಾಸ್ಕಾದ ಕೊಡಿಯಾಕ್‌ನಂಥ ಕಡೆ ಸೈನಿಕರು ಯಾರ ಅಪ್ಪಣೆಗೂ ಕಾಯದೆ ತಾವೇ ಪುಟ್ಟ ಕೇಂದ್ರ ಕಟ್ಟಿಕೊಂಡ್ರು, ರೆಕಾರ್ಡು ಕಳಿಸಿ ಅಂತ ಹಾಲಿವುಡ್‌ಗೆ ಪತ್ರ ಬರೆದ್ರು. ಸರ್ಕಾರ ಆಮೇಲೆ ಎದ್ದಿತು. 1942ರ ಮೇ 26ರಂದು ಯುದ್ಧ ಇಲಾಖೆಯ ಕೆಳಗೆ ಆರ್ಮ್ಡ್ ಫೋರ್ಸಸ್ ರೇಡಿಯೊ ಸರ್ವಿಸ್ ಹುಟ್ಟಿತು. ಎಎಫ್‌ಆರ್‌ಎಸ್ ಅಂತ ಕರೆಯೋಣ. ಅದರ ಮುಖ್ಯಸ್ಥ ಟಾಮ್ ಲೂಯಿಸ್, ಯಂಗ್ ಅಂಡ್ ರೂಬಿಕ್ಯಾಮ್ ಅನ್ನೋ ದೊಡ್ಡ ಜಾಹೀರಾತು ಕಂಪನಿಯಿಂದ ಬಂದವರು, ನಟಿ ಲೊರೆಟ್ಟಾ ಯಂಗ್ ಅವರ ಗಂಡ. ಅಮೆರಿಕದ ರೇಡಿಯೊದಿಂದ ಜಾಹೀರಾತನ್ನ ಬುಡಸಮೇತ ಕೀಳೋ ಕೆಲಸ ಒಬ್ಬ ಜಾಹೀರಾತಿನ ಮನುಷ್ಯನ ಉಸ್ತುವಾರಿಯಲ್ಲಿ ನಡೀತು. ನನಗಿದು ಈಗಲೂ ನಗು ತರಿಸುತ್ತೆ. ಯಾಕೆ ಕಿತ್ತರು, ಹೇಗೆ ಕಿತ್ತರು ಅನ್ನೋದಕ್ಕೆ ಈಗ ಬರ್ತೀನಿ. ಅದಕ್ಕೂ ಮೊದಲು ಒಂದು ಕಾರ್ಯಕ್ರಮದ ವಿಷಯ.

ಹೆಸರು ‘ಕಮಾಂಡ್ ಪರ್ಫಾರ್ಮೆನ್ಸ್’. ಎಎಫ್‌ಆರ್‌ಎಸ್‌ಗಿಂತ ಮೊದಲೇ, 1942ರ ಮಾರ್ಚ್‌ನಲ್ಲಿ ಶುರುವಾಗಿತ್ತು. ಇಲ್ಲಿ ಅಪ್ಪಣೆ ಕೊಡೋರು ಸೈನಿಕರು, ಪಾಲಿಸೋರು ತಾರೆಯರು. ಯಾವುದೋ ಬಂಕರಿನಿಂದ ಒಬ್ಬ ಪತ್ರ ಬರೀತಾನೆ: ನನಗೆ ಕ್ಯಾರೊಲ್ ಲ್ಯಾಂಡಿಸ್ ನಿಟ್ಟುಸಿರು ಬಿಡೋದು ಕೇಳಬೇಕು. ಆಯ್ತು, ಆ ನಟಿ ಮೈಕಿನ ಮುಂದೆ ಬಂದು ನಿಟ್ಟುಸಿರು ಬಿಡ್ತಾರೆ. ಇನ್ನೊಬ್ಬನಿಗೆ ಬಾಣಲೆಯಲ್ಲಿ ಮಾಂಸದ ತುಂಡು ಚುರ್ರ್ ಅನ್ನೋ ಸದ್ದು ಬೇಕು. ಮತ್ತೊಬ್ಬನಿಗೆ ಆ್ಯನ್ ಮಿಲ್ಲರ್ ಮಿಲಿಟರಿ ಬೂಟು ಹಾಕಿಕೊಂಡು ಟ್ಯಾಪ್ ಡಾನ್ಸ್ ಮಾಡಬೇಕು. ಇದಕ್ಕೆಲ್ಲ ಯಾರೂ ಸಂಭಾವನೆ ತಗೊಳ್ತಿರಲಿಲ್ಲ. 1945ರ ಫೆಬ್ರವರಿಯಲ್ಲಿ ಕಾಮಿಕ್ಸ್ ಪತ್ತೇದಾರ ಡಿಕ್ ಟ್ರೇಸಿಯ ಮದುವೆ ಅಂತ ಒಂದು ಸಂಗೀತ ಪ್ರಹಸನ ಮಾಡಿದ್ರು. ಬಿಂಗ್ ಕ್ರಾಸ್ಬಿ, ಬಾಬ್ ಹೋಪ್, ಫ್ರಾಂಕ್ ಸಿನಾಟ್ರಾ, ಜೂಡಿ ಗಾರ್ಲಂಡ್, ಡೈನಾ ಶೋರ್, ಜಿಮ್ಮಿ ಡುರಾಂಟೆ, ಎಲ್ಲರೂ ಒಂದೇ ವೇದಿಕೆಯಲ್ಲಿ. ಯಾವ ಪ್ರಾಯೋಜಕನ ಜೇಬಿಗೂ ಎಟುಕದ ತಾರಾಗಣ. ಆದ್ರೆ ಅಮೆರಿಕದೊಳಗಿನ ಸಾಮಾನ್ಯ ಕೇಳುಗರಿಗೆ ಈ ಕಾರ್ಯಕ್ರಮ ಮಾಮೂಲಿಯಾಗಿ ಸಿಗ್ತಿರಲಿಲ್ಲ. ಇದು ಹೋಗ್ತಿದ್ದುದು ಕಡಲಾಚೆಗೆ.

ಈಗ ಕತ್ತರಿಯ ವಿಷಯ. ಎಎಫ್‌ಆರ್‌ಎಸ್ ತಾನೇ ತಯಾರಿಸಿದ್ದು ಒಂದು ಪಾಲು. ಇನ್ನೊಂದು ದೊಡ್ಡ ಪಾಲು ಎನ್‌ಬಿಸಿ, ಸಿಬಿಎಸ್‌ನಂಥ ನೆಟ್‌ವರ್ಕ್‌ಗಳ ಜನಪ್ರಿಯ ಕಾರ್ಯಕ್ರಮಗಳು. ಅವುಗಳಲ್ಲಿ ಪ್ರಾಯೋಜಕನ ಹೆಸರು ಶೀರ್ಷಿಕೆಯಲ್ಲೇ ಅಂಟಿಕೊಂಡಿರ್ತಿತ್ತು. ‘ಕ್ರಾಫ್ಟ್ ಮ್ಯೂಸಿಕ್ ಹಾಲ್’ನಲ್ಲಿ ಕ್ರಾಫ್ಟ್ ಅಂದ್ರೆ ಚೀಸ್ ಕಂಪನಿ. ಜ್ಯಾಕ್ ಬೆನ್ನಿಯ ಹಾಸ್ಯ ಕಾರ್ಯಕ್ರಮಕ್ಕೆ 1944ರಿಂದ ಲಕ್ಕಿ ಸ್ಟ್ರೈಕ್ ಸಿಗರೇಟು. ನಡುವೆ ತಂಬಾಕು ಹರಾಜುಗಾರರ ಪಟಪಟ ಕೂಗೂ ಬರ್ತಿತ್ತು. ಸರ್ಕಾರಿ ರೇಡಿಯೊದಲ್ಲಿ ಒಂದು ಕಂಪನಿಯ ಸಿಗರೇಟು ಮಾರೋದು ಹೇಗೆ? ಕಲಾವಿದರಾಗಲಿ ಸಂಗೀತಗಾರರ ಸಂಘವಾಗಲಿ ಹಕ್ಕು ಬಿಟ್ಟುಕೊಟ್ಟದ್ದೂ ಇದರಲ್ಲಿ ವ್ಯಾಪಾರ ಇಲ್ಲ ಅನ್ನೋ ಷರತ್ತಿನ ಮೇಲೆ. ಹಾಗಾಗಿ ಜಾಹೀರಾತು ಹೋಗಬೇಕು. ‘ಕ್ರಾಫ್ಟ್ ಮ್ಯೂಸಿಕ್ ಹಾಲ್’ ಬರೀ ‘ಮ್ಯೂಸಿಕ್ ಹಾಲ್’ ಆಯ್ತು.

ಕೇಳೋದಕ್ಕೆ ಸುಲಭ. ಆದ್ರೆ ಆಗ ಮ್ಯಾಗ್ನೆಟಿಕ್ ಟೇಪು ಅಮೆರಿಕಕ್ಕೆ ಇನ್ನೂ ಬಂದಿರಲಿಲ್ಲ. ಕತ್ತರಿಸಿ ಅಂಟಿಸೋಕೆ ಏನೂ ಇಲ್ಲ. ನೆಟ್‌ವರ್ಕಿನ ಪ್ರಸಾರವನ್ನ ಮೊದಲು ಮೃದು ಲ್ಯಾಕರ್ ತಟ್ಟೆಗಳ ಮೇಲೆ ಮುದ್ರಿಸಿಕೊಳ್ತಿದ್ರು. ಆಮೇಲೆ ಹಲವು ಟರ್ನ್‌ಟೇಬಲ್‌ಗಳನ್ನ ಸಾಲಾಗಿ ಇಟ್ಟುಕೊಂಡು, ಇಲ್ಲಿಂದ ಇಷ್ಟು, ಅಲ್ಲಿಂದ ಅಷ್ಟು ಅಂತ ನುಡಿಸ್ತಾ ಹೊಸದೊಂದು ತಟ್ಟೆಯ ಮೇಲೆ ಕೊರೀತಿದ್ರು. ಜಾಹೀರಾತು ಬರೋ ಹೊತ್ತಿಗೆ ಒಂದು ಸೂಜಿ ಎತ್ತಬೇಕು, ಅದು ಮುಗಿದ ಜಾಗದಲ್ಲಿ ಕಾದು ಕೂತಿರೋ ಇನ್ನೊಂದು ಸೂಜಿಯ ಧ್ವನಿ ತೆರೆಯಬೇಕು. ಕ್ಷಣ ತಪ್ಪಿದ್ರೆ ಹೊಸ ತಟ್ಟೆ, ಹೊಸ ಆರಂಭ. ಆ ಕೈಚಳಕಕ್ಕೆ ನಾನಂತೂ ತಲೆಬಾಗ್ತೀನಿ.

ಎಷ್ಟೇ ಕೈಚಳಕ ಇದ್ರೂ ಗಾಯದ ಗುರುತು ಉಳೀತಿತ್ತು. ‘ಫಿಬರ್ ಮಗೀ ಅಂಡ್ ಮಾಲಿ’ ಅಂತ ಒಂದು ಹಾಸ್ಯ ಧಾರಾವಾಹಿ. ಪ್ರಾಯೋಜಕರು ಜಾನ್ಸನ್ಸ್ ವ್ಯಾಕ್ಸ್, ನೆಲಕ್ಕೆ ಹಚ್ಚೋ ಮೇಣ. ಅದರಲ್ಲಿ ಉದ್ಘೋಷಕ ಹಾರ್ಲೋ ವಿಲ್ಕಾಕ್ಸ್ ಹೊರಗೆ ನಿಂತು ಜಾಹೀರಾತು ಓದಿ ಹೋಗೋದಿಲ್ಲ. ಪಾತ್ರವಾಗಿ ಮನೆಗೇ ಬರ್ತಾರೆ, ಅವರು ಏನೇ ಮಾತು ಎತ್ತಿದ್ರೂ ಅದು ಮೇಣಕ್ಕೆ ಬಂದು ನಿಲ್ಲುತ್ತೆ, ಫಿಬರ್ ಅವರನ್ನ ಗೇಲಿ ಮಾಡ್ತಾನೆ. ಜಾಹೀರಾತೇ ಜೋಕು, ಜೋಕೇ ಜಾಹೀರಾತು. ಸೇನೆಯ ಆವೃತ್ತಿಯಲ್ಲಿ ಈ ಭೇಟಿಗೂ ಕತ್ತರಿ. ಕಥೆ ಅಲ್ಲೊಂದು ಸಣ್ಣ ಹಾರು ಹಾರುತ್ತೆ. ತೆಗೆದದ್ದರಿಂದ ಸಮಯ ಮಿಗುತ್ತಲ್ಲ, ಅದಕ್ಕೆ ಕೊನೆಯಲ್ಲಿ ವಾದ್ಯಸಂಗೀತ ತುಂಬ್ತಿದ್ರು. ತಟ್ಟೆಗಳು ತಲುಪೋ ಹೊತ್ತಿಗೆ ಹಳಸೋ ಸುದ್ದಿ, ಹವಾಮಾನದ ಮಾತು ಇವಕ್ಕೂ ಕತ್ತರಿ ಬೀಳ್ತಿತ್ತು.

ಹೀಗೆ ತಯಾರಾದ ಮೂಲದಿಂದ ಲೋಹದ ಅಚ್ಚು ತೆಗೆದು, ವಿನೈಲ್‌ನಲ್ಲಿ ಪ್ರತಿಗಳನ್ನ ಒತ್ತಿ, ಪೆಟ್ಟಿಗೆಗೆ ತುಂಬಿ ಜಗತ್ತಿಗೆಲ್ಲ ರವಾನೆ. ಲಂಡನ್, ಪೆಸಿಫಿಕ್ ದ್ವೀಪಗಳು, ಅತ್ತ ನಮ್ಮ ಕಲ್ಕತ್ತಾ, ದೆಹಲಿಯ ಅಮೆರಿಕನ್ ಸೇನಾ ಕೇಂದ್ರಗಳು. ಚೀನಾ-ಬರ್ಮಾ-ಇಂಡಿಯಾ ರಣರಂಗ ಅಂತ ಅಮೆರಿಕನ್ನರು ಕರೀತಿದ್ದ ವಿಭಾಗದಲ್ಲಿ ಬೆಂಗಳೂರೂ ಇತ್ತು: 1943ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನ ಅಮೆರಿಕದ ಸೇನೆ ವಹಿಸಿಕೊಂಡು ತನ್ನ ವಿಮಾನಗಳನ್ನ ಅಲ್ಲಿ ರಿಪೇರಿ ಮಾಡಿಸ್ತಿತ್ತು.

ಸರಿ, ಈ ತಟ್ಟೆಗಳನ್ನ ಉಳಿಸಬೇಕು ಅಂತ ಸಂಗ್ರಾಹಕರು ಯಾಕೆ ಇಷ್ಟು ಒದ್ದಾಡ್ತಾರೆ? ಮೂಲ ಪ್ರಸಾರಗಳೇ ಇದ್ದುವಲ್ಲ ಅನ್ನಬಹುದು. ಸಮಸ್ಯೆ ಅಲ್ಲೇ ಇರೋದು. ಆಗಿನ ರೇಡಿಯೊ ಬಹುಪಾಲು ನೇರಪ್ರಸಾರ. ನೆಟ್‌ವರ್ಕ್‌ಗಳು, ಪ್ರಾಯೋಜಕರು ಮಾಡಿಕೊಂಡ ಪ್ರತಿಗಳಲ್ಲಿ ಎಷ್ಟೋ ಆಮೇಲೆ ಕಸದ ಬುಟ್ಟಿ ಸೇರಿದವು. ಒಂದೇ ಒಂದು ಲ್ಯಾಕರ್ ಪ್ರತಿ ಒಂದು ಊರಿನ ಕಪಾಟಿನಲ್ಲಿ ಇದ್ರೆ ಅದರ ಆಯುಷ್ಯ ಎಷ್ಟು? ವಿನೈಲ್ ಪ್ರತಿಗಳು ಹತ್ತಾರು ದೇಶಗಳಿಗೆ ಚೆದುರಿದ್ರೆ ಎಲ್ಲೋ ಒಂದು ಉಳಿಯುತ್ತೆ. ಉಳಿದಿದ್ದು ಹೀಗೇ. ಯಾರೋ ಒಡೀಲಿಲ್ಲ, ಯಾರೋ ಕಿಟ್‌ಬ್ಯಾಗಿಗೆ ಹಾಕಿಕೊಂಡು ಊರಿಗೆ ತಂದ್ರು. 1940ರ ದಶಕದ ಎಷ್ಟೋ ಕಾರ್ಯಕ್ರಮಗಳು ನಮಗೆ ಸಿಗ್ತಿರೋದು ಸೇನೆಯ ಕತ್ತರಿಗೆ ಸಿಕ್ಕಿದ ರೂಪದಲ್ಲಿ ಮಾತ್ರ.

ಸಂಗೀತದ ಕಥೆ ಇನ್ನೂ ವಿಚಿತ್ರ. 1942ರ ಆಗಸ್ಟ್‌ನಿಂದ ಜೇಮ್ಸ್ ಪೆಟ್ರಿಲೊ ನೇತೃತ್ವದ ಸಂಗೀತಗಾರರ ಸಂಘ ರೆಕಾರ್ಡ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿತು. ಕೆಲವು ಕಂಪನಿಗಳ ಜೊತೆ ಅದು 1944ರ ನವೆಂಬರ್‌ವರೆಗೂ ಎಳೀತು. ಜಾಝ್ ಮೈಬದಲಿಸ್ತಿದ್ದ ಕಾಲ, ಆದ್ರೆ ಸ್ಟುಡಿಯೊ ರೆಕಾರ್ಡಿಂಗ್ ಹೆಚ್ಚುಕಮ್ಮಿ ಬಂದ್. ಸೈನಿಕರ ರೇಡಿಯೊಗೆ ನುಡಿಸೋದಕ್ಕೆ ಮಾತ್ರ ಅಡ್ಡಿ ಇರಲಿಲ್ಲ. 1942ರ ಅಕ್ಟೋಬರಿನಲ್ಲಿ ‘ಜುಬಿಲೀ’ ಶುರುವಾಯ್ತು. ಕರಿಯ ಸೈನಿಕರಿಗೆಂದೇ ಮಾಡಿದ ಕಾರ್ಯಕ್ರಮ; ನಿರೂಪಕ ಅರ್ನಿ ‘ಬಬಲ್ಸ್’ ವಿಟ್‌ಮನ್. ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ, ಲೀನಾ ಹಾರ್ನ್ ಎಲ್ಲರೂ ಬಂದ್ರು. ಅದೇ ಸೇನೆಯಲ್ಲಿ ಕರಿಯರಿಗೆ ಬೇರೆ ತುಕಡಿ, ಬೇರೆ ಸಾಲು. ಅದನ್ನ ಕೊನೆಗೊಳಿಸೋ ಅಧ್ಯಕ್ಷ ಟ್ರೂಮನ್ ಆದೇಶ ಬಂದದ್ದು 1948ರಲ್ಲಿ. ಪ್ರತ್ಯೇಕತೆಯ ಕೂಸಾದ ‘ಜುಬಿಲೀ’ ಇವತ್ತು ಆ ವರ್ಷಗಳ ಜಾಝ್‌ಗೆ ದೊಡ್ಡ ಖಜಾನೆ. ಅದರ ತಟ್ಟೆಗಳ ಪಟ್ಟಿಯನ್ನ ಕೂತು ತಯಾರಿಸಿ 1985ರಲ್ಲಿ ಪುಸ್ತಕ ಮಾಡಿದವರು ಯಾರು ಗೊತ್ತಾ? ಜರ್ಮನಿಯ ರೈನರ್ ಲೋಟ್ಸ್ ಮತ್ತು ಉಲ್ರಿಷ್ ನಾಯರ್ಟ್.

ಈಗ ಕೈಗೆ ಇಂಥ ತಟ್ಟೆಗಳ ಒಂದು ಪೆಟ್ಟಿಗೆ ಸಿಕ್ತು ಅಂತ ಇಟ್ಟುಕೊಳ್ಳಿ. ಏನು ಮಾಡ್ತೀರಿ? ದಯವಿಟ್ಟು ಎಲ್‌ಪಿ ಸೂಜಿ ಇಡಬೇಡಿ. ಯುದ್ಧಕಾಲದ ಈ ತಟ್ಟೆಗಳ ಗೀರು ಅಗಲ. ಅದಕ್ಕೆ ಎಲ್‌ಪಿ ಸೂಜಿಯ ಸುಮಾರು ಮೂರು ಪಟ್ಟು ದಪ್ಪ ತುದಿ ಬೇಕು. ಸಣ್ಣ ಸೂಜಿ ಗೀರಿನ ತಳದಲ್ಲಿ ಉಜ್ಜಾಡುತ್ತೆ, ದಶಕಗಳ ದೂಳನ್ನೇ ನಿಮಗೆ ಕೇಳಿಸುತ್ತೆ. ಟರ್ನ್‌ಟೇಬಲ್ 16 ಇಂಚಿನದಾಗಬೇಕು, ತೋಳು ಉದ್ದವಾಗಬೇಕು. ಕೆಲವು ತಟ್ಟೆಗಳು ಒಳಗಿನಿಂದ ಹೊರಕ್ಕೆ ಓಡ್ತವೆ. ಸೂಜಿ ಇಡೋ ಮೊದಲು ಲೇಬಲ್ ಓದಿ. ವಿನೈಲ್ ಪುಣ್ಯಕ್ಕೆ ಗಟ್ಟಿ ಜೀವ. ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ನೆಟ್ಟಗೆ ನಿಲ್ಲಿಸಿಟ್ರೆ ನಮಗಿಂತ ಹೆಚ್ಚು ಬಾಳುತ್ತೆ.

ಲ್ಯಾಕರ್ ಹಾಗಲ್ಲ. ಅದು ಅಲ್ಯೂಮಿನಿಯಂ ಹಾಳೆಯ ಮೇಲೆ ಬಳಿದ ನೈಟ್ರೋಸೆಲ್ಯುಲೋಸ್ ಲೇಪ. ಯುದ್ಧಕ್ಕೆ ಅಲ್ಯೂಮಿನಿಯಂ ವಿಮಾನದ ಪಾಲಾದಾಗ ಗಾಜಿನ ಮೇಲೆ ಬಳಿದ್ರು, ಕೈಜಾರಿದ್ರೆ ಮುಗೀತು. ಲೇಪ ಮೃದುವಾಗಿರಲಿ ಅಂತ ಅದಕ್ಕೆ ಬೆರೆಸ್ತಿದ್ದುದು ನಮ್ಮ ಹರಳೆಣ್ಣೆ. ವರ್ಷಗಳು ಕಳೆದಂತೆ ಆ ಎಣ್ಣೆ ಒಡೆದು, ಕೊಬ್ಬಿನ ಆಮ್ಲ ಬಿಳಿ ಪುಡಿಯಾಗಿ ಮೇಲೆ ಕೂರುತ್ತೆ. ಲೇಪ ಕುಗ್ಗುತ್ತೆ, ಅಡಿಯ ಲೋಹ ಕುಗ್ಗಲ್ಲ. ಮಳೆಗೆ ನೆನೆದ ಗೋಡೆಯ ಸುಣ್ಣದ ಹಾಗೆ ಚಕ್ಕೆ ಚಕ್ಕೆ ಏಳುತ್ತೆ. ಆ ಹಂತಕ್ಕೆ ಬಂದದ್ದನ್ನ ಯಾವ ಸೂಜಿಯೂ ಮುಟ್ಟೋ ಹಾಗಿಲ್ಲ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಾರ್ಲ್ ಹೇಬರ್ ಮತ್ತು ಸಂಗಡಿಗರು ರೂಪಿಸಿದ ಐರೀನ್ ಅನ್ನೋ ವ್ಯವಸ್ಥೆ ಇದೆ. ತಟ್ಟೆಯನ್ನ ಮುಟ್ಟದೆ ಗೀರುಗಳ ಸೂಕ್ಷ್ಮ ಫೋಟೊ ತೆಗೆದು, ಆ ಚಿತ್ರದಿಂದಲೇ ಕಂಪ್ಯೂಟರ್ ಧ್ವನಿ ಲೆಕ್ಕಹಾಕುತ್ತೆ. ಒಡೆದ ತುಂಡುಗಳಿಗೂ ಇದು ನಡೆಯುತ್ತೆ.

ಧ್ವನಿ ಹೊರಬಂತು. ಇದು ಯಾವ ದಿನದ ಕಾರ್ಯಕ್ರಮ? ಸಂಗ್ರಾಹಕರ ನಿದ್ದೆ ಕೆಡಿಸೋ ಪ್ರಶ್ನೆ ಇದು. ಎಎಫ್‌ಆರ್‌ಎಸ್ ತನ್ನದೇ ಕ್ರಮಸಂಖ್ಯೆ ಕೊಡ್ತಿತ್ತು, ಅದಕ್ಕೂ ನೆಟ್‌ವರ್ಕಿನ ತಾರೀಕಿಗೂ ತಾಳಮೇಳ ಇಲ್ಲ. ತಾರೀಕು ಹೇಳಬಲ್ಲ ಸುಳಿವುಗಳಿಗೇ ಕತ್ತರಿ ಬಿದ್ದಿದೆ. ಆಗ ಉಳಿಯೋದು ಪತ್ರಿಕೆಗಳ ರೇಡಿಯೊ ಕಾಲಂ, ಉಳಿದಿರೋ ಸ್ಕ್ರಿಪ್ಟು, ಅತಿಥಿ ಯಾರು, ಯಾವ ಹಾಡು ಅನ್ನೋ ತಾಳೆ. ಈ ಕೆಲಸದ ಬಹುಭಾಗ ಮಾಡಿದವರು ಸಂಬಳವಿಲ್ಲದ ಹವ್ಯಾಸಿಗಳು. ಆದ್ರೆ ಅವರಲ್ಲಿ ಕೆಲವರ ಒಂದು ಚಾಳಿಗೆ ನನ್ನ ತಕರಾರಿದೆ. ಬೇರೆಲ್ಲಿಂದಲೋ ಸಿಕ್ಕ ಮೂಲ ಜಾಹೀರಾತನ್ನ ಹೊಲಿದು, ಸೇನೆಯ ಉದ್ಘೋಷಣೆ, ಕೊನೆಯ ತುಂಬು ಸಂಗೀತ ತೆಗೆದು, ಕಾರ್ಯಕ್ರಮವನ್ನ ಶುದ್ಧ ಮಾಡಿದ್ವಿ ಅಂತಾರೆ. ಹೊಲಿದ ಪ್ರತಿ ಇರಲಿ, ಬೇಡ ಅನ್ನಲ್ಲ. ಆದ್ರೆ 1944ರಲ್ಲಿ ಬರ್ಮಾ ಗಡಿಯಲ್ಲಿ ಕೂತವನು ಕೇಳಿದ್ದು ಆ ಹಾರು ಹಾರೋ ಕಥೆಯನ್ನೇ. ತುಂಬು ಸಂಗೀತವೂ ದಾಖಲೆ. ಅದನ್ನ ಎಸೆಯೋ ಅಧಿಕಾರ ಯಾರಿಗೂ ಇಲ್ಲ.

ಅಧಿಕೃತ ಕಡೆಯಿಂದ ಲೈಬ್ರರಿ ಆಫ್ ಕಾಂಗ್ರೆಸ್ ಈ ತಟ್ಟೆಗಳ ದೊಡ್ಡ ಸಂಗ್ರಹ ಇಟ್ಟುಕೊಂಡಿದೆ. ಅದರ ಧ್ವನಿ-ಚಿತ್ರ ಕೇಂದ್ರ 2007ರಲ್ಲಿ ವರ್ಜೀನಿಯಾದ ಕಲ್‌ಪೆಪರ್‌ನಲ್ಲಿ ತೆರೆಯಿತು. ಶೀತಲ ಸಮರದ ಕಾಲದಲ್ಲಿ ಅಣುಯುದ್ಧವಾದ್ರೆ ಬೇಕಾಗುತ್ತೆ ಅಂತ ಅಮೆರಿಕ ನೋಟಿನ ಕಂತೆ ಪೇರಿಸಿಟ್ಟಿದ್ದ ಭೂಗತ ಬಂಕರ್ ಅದು. ಜುಲೈ 1942ರಲ್ಲಿ ಬಿಂಗ್ ಕ್ರಾಸ್ಬಿ ನಡೆಸಿಕೊಟ್ಟ ಒಂದು ‘ಕಮಾಂಡ್ ಪರ್ಫಾರ್ಮೆನ್ಸ್’ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯಲ್ಲೂ ಇದೆ.

ಸೈನಿಕರ ರೇಡಿಯೊ ವಿಯೆಟ್ನಾಂ ಯುದ್ಧಕ್ಕೆ ಬಂದ್ರೆ ಉಳಿವಿನ ಚಿತ್ರ ತಲೆಕೆಳಗು. ‘ಗುಡ್ ಮಾರ್ನಿಂಗ್, ವಿಯೆಟ್ನಾಂ’ ಸಿನಿಮಾ ನೋಡಿದ್ರೆ ಏಡ್ರಿಯನ್ ಕ್ರೊನಾವರ್ ಹೆಸರು ನೆನಪಿರುತ್ತೆ. 1965ರಲ್ಲಿ ಸೈಗಾನ್‌ನಲ್ಲಿ ಬೆಳಗಿನ ಕಾರ್ಯಕ್ರಮ ಮಾಡ್ತಿದ್ದವರು. ಸಿನಿಮಾದಷ್ಟು ತುಂಟತನ ತಾನು ಮಾಡಿಲ್ಲ ಅಂತ ಅವರೇ ಹೇಳ್ತಿದ್ರು. ಅಲ್ಲಿ ಸ್ಥಳೀಯ ನೇರಪ್ರಸಾರ ಜಾಸ್ತಿ, ಅದನ್ನ ತಟ್ಟೆ ಒತ್ತಿ ಹಂಚೋರು ಯಾರೂ ಇಲ್ಲ. ಉಳಿದದ್ದರಲ್ಲಿ ಬಹಳಷ್ಟು ಸೈನಿಕರು ಮಿಲಿಟರಿ ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟದ್ದು. ಮನೆಗೆ ಧ್ವನಿಪತ್ರ ಕಳಿಸೋವಾಗ ಹಿನ್ನೆಲೆಯಲ್ಲಿ ರೇಡಿಯೊ ಓಡ್ತಿರುತ್ತೆ, ಅಷ್ಟೇ. ಆ ಟೇಪುಗಳು ಈಗ ಮಕ್ಕಳ, ಮೊಮ್ಮಕ್ಕಳ ಮನೆಯ ಪೆಟ್ಟಿಗೆಗಳಲ್ಲಿವೆ. ಒಳಗಿರೋದು ಅಪ್ಪನ ದನಿ ಅಂತ ಗೊತ್ತಿರುತ್ತೆ, ಹಿಂದಿರೋ ರೇಡಿಯೊ ಯಾವುದು ಅಂತ ಯಾರೂ ಕೇಳಿರೋದಿಲ್ಲ.

ಕಾನೂನಿನ ಬಗ್ಗೆ ಒಂದು ಮಾತು. 1972ಕ್ಕಿಂತ ಹಿಂದಿನ ಧ್ವನಿಮುದ್ರಣಗಳ ಬಗ್ಗೆ ಅಮೆರಿಕ 2018ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ ಕೆಲವಕ್ಕೆ 2067ರ ಫೆಬ್ರವರಿ ತನಕ ರಕ್ಷಣೆ ಇದೆ. ಸರ್ಕಾರದ ತಯಾರಿಕೆ ಯಾವುದು, ನೆಟ್‌ವರ್ಕಿನದು ಯಾವುದು, ಒಳಗಿರೋ ಹಾಡು ಯಾರದು ಅಂತ ಬಿಡಿಸೋದು ವಕೀಲರಿಗೂ ತಲೆನೋವು.

ಕೇಳಬೇಕು ಅನ್ನಿಸಿದ್ರೆ ಡಿಕ್ ಟ್ರೇಸಿ ಮದುವೆಯಿಂದ ಶುರು ಮಾಡಿ, ಇಂಟರ್ನೆಟ್‌ನಲ್ಲಿ ಸುಲಭವಾಗಿ ಸಿಗುತ್ತೆ. ಆಮೇಲೆ ಜ್ಯಾಕ್ ಬೆನ್ನಿಯ ಒಂದೇ ಎಪಿಸೋಡಿನ ನೆಟ್‌ವರ್ಕ್ ಪ್ರತಿ, ಸೇನೆಯ ಪ್ರತಿ ಎರಡೂ ಹುಡುಕಿ ಜೊತೆಗಿಟ್ಟು ಕೇಳಿ. ನಗುವಿನ ನಡುವೆ ಉಸಿರು ಸಿಕ್ಕಿಕೊಂಡ ಹಾಗೆ ಎಲ್ಲಾದ್ರೂ ಕೇಳಿಸಿದ್ರೆ, ಆ ಜಾಗದಲ್ಲಿ ಲಕ್ಕಿ ಸ್ಟ್ರೈಕ್ ಇತ್ತೇನೋ ಅಂತ ಇನ್ನೊಂದು ಪ್ರತಿಯಲ್ಲಿ ನೋಡಿ.