ಗಾಂಧೀಜಿ: ಹಿಂದಿನ ಮಾತು, ಮುಂದಿನ ಮಾತು



1933ರ ಏಪ್ರಿಲ್ 29ರ ‘ಹರಿಜನ’ ಪತ್ರಿಕೆಯಲ್ಲಿ ಗಾಂಧೀಜಿ ತಮ್ಮ ಓದುಗರಿಗೆ ಒಂದು ಸೂಚನೆ ಕೊಟ್ಟರು. ತಮ್ಮ ಎರಡು ಬರಹಗಳ ನಡುವೆ ಹೊಂದಾಣಿಕೆ ಇಲ್ಲವೆಂದು ಯಾರಿಗಾದರೂ ಅನ್ನಿಸಿದರೆ, ತಮ್ಮ ಬುದ್ಧಿ ಸ್ತಿಮಿತದಲ್ಲಿದೆಯೆಂಬ ನಂಬಿಕೆ ಅವರಿಗೆ ಇನ್ನೂ ಉಳಿದಿದ್ದರೆ, ಎರಡರಲ್ಲಿ ನಂತರ ಬರೆದದ್ದನ್ನು ಆರಿಸಿಕೊಳ್ಳಲಿ ಎಂಬುದು ಅದರ ಸಾರ.

ಮಾತು ಬದಲಿಸಿ ಸಿಕ್ಕಿಬಿದ್ದಾಗ ‘ಪತ್ರಿಕೆಯವರು ತಿರುಚಿ ಬರೆದರು’ ಎನ್ನುವ ನಾಯಕರನ್ನು ನೋಡಿ ಅಭ್ಯಾಸವಾದವರಿಗೆ ಈ ಪ್ರಾಮಾಣಿಕತೆ ಅಪರೂಪದ್ದೆನಿಸುತ್ತದೆ. ಆದರೆ ಇದರಲ್ಲೊಂದು ತೊಡಕಿದೆ. ಓದುವವರಿಗೆ ಹಳೆಯ ಮಾತನ್ನು ಬಿಟ್ಟು ಹೊಸದನ್ನು ಹಿಡಿಯುವುದು ಸುಲಭ. ಆ ಹಳೆಯ ಮಾತಿಗೆ ಬೆಲೆಯಿದ್ದ ಕಾಲದಲ್ಲಿ ಬದುಕಿದವರು ಅದರ ಪರಿಣಾಮವನ್ನು ಹಾಗೆ ಬಿಟ್ಟುಬಿಡಲಾರರು. ಗಾಂಧೀಜಿಯ ಮೇಲಿನ ಟೀಕೆಗಳಲ್ಲಿ ಬಹುಶಃ ಅತ್ಯಂತ ಗಟ್ಟಿಯಾದದ್ದು, ಅಂದರೆ ಜಾತಿಯನ್ನು ಕುರಿತದ್ದು, ಹುಟ್ಟುವುದು ಇಲ್ಲೇ.

ಅಸ್ಪೃಶ್ಯತೆಯ ವಿಷಯದಲ್ಲಿ ಅವರ ಮನಸ್ಸು ಎಂದೂ ಹೊಯ್ದಾಡಲಿಲ್ಲ. ಮನೆಯ ಪಾಯಿಖಾನೆ ಶುಚಿಮಾಡಲು ಬರುತ್ತಿದ್ದ ಉಕಾ ಎಂಬಾತನನ್ನು ಮುಟ್ಟಿದರೆ ಸ್ನಾನ ಮಾಡಬೇಕೆಂಬ ಕಟ್ಟಳೆಯನ್ನು ಬಾಲಕನಾಗಿದ್ದಾಗಲೇ ಅವರು ತಂದೆತಾಯಿಗಳ ಮುಂದೆ ಪ್ರಶ್ನಿಸಿದ್ದರು. 1915ರಲ್ಲಿ ಅಹಮದಾಬಾದಿನ ಕೊಚ್ರಬ್‌ನಲ್ಲಿ ಆಶ್ರಮ ತೆರೆದ ಕೆಲವೇ ತಿಂಗಳಲ್ಲಿ ದೂದಾಭಾಯಿ, ಅವರ ಹೆಂಡತಿ ದಾನಿಬೆನ್ ಮತ್ತು ಪುಟ್ಟ ಮಗಳು ಲಕ್ಷ್ಮಿಯನ್ನು ಸೇರಿಸಿಕೊಂಡರು. ಬಾವಿಯ ಬಳಿ ಜಗಳವಾಯಿತು, ಕಸ್ತೂರಬಾ ಸಹ ಮುನಿಸಿಕೊಂಡರು, ದಾನಿಗಳು ಹಣ ನಿಲ್ಲಿಸಿದರು. ಕೈ ಬರಿದಾದರೆ ಅಸ್ಪೃಶ್ಯರ ಕೇರಿಗೇ ಹೋಗಿ ಇರೋಣ ಎಂದು ಗಾಂಧೀಜಿ ನಿಶ್ಚಯಿಸಿದ್ದಾಗ, ಸೇಠರೊಬ್ಬರು ಕಾರಿನಲ್ಲಿ ಬಂದು ಹದಿಮೂರು ಸಾವಿರ ರೂಪಾಯಿ ಕೊಟ್ಟು ಹೋದರು.

ಇಷ್ಟು ಧೈರ್ಯ ತೋರಿದವರೇ 1921ರ ಅಕ್ಟೋಬರಿನಲ್ಲಿ ‘ಯಂಗ್ ಇಂಡಿಯಾ’ದಲ್ಲಿ ತಮ್ಮನ್ನು ಸನಾತನಿ ಹಿಂದೂ ಎಂದು ಕರೆದುಕೊಂಡರು. ವರ್ಣಾಶ್ರಮದಲ್ಲಿ ನಂಬಿಕೆಯಿದೆ ಎಂದರು. ಸಹಭೋಜನ, ಅಂತರ್ಜಾತಿ ವಿವಾಹಗಳಿಗೆ ಇರುವ ನಿಷೇಧ ಆತ್ಮದ ಬೆಳವಣಿಗೆಗೆ ಅಗತ್ಯವೆಂದೂ ಬರೆದರು. ಅದೇ ಲೇಖನದಲ್ಲಿ ಅಸ್ಪೃಶ್ಯತೆಯನ್ನು ಘೋರ ಪಾಪವೆಂದು ಖಂಡಿಸಿದರು. ಅಂದರೆ ಮುಟ್ಟಬೇಕು, ಆದರೆ ಜೊತೆಗೆ ಉಣ್ಣಬೇಕಾಗಿಲ್ಲ, ಮಗಳನ್ನು ಕೊಡಬೇಕಾಗಿಲ್ಲ. ಮುಟ್ಟದಿರುವಿಕೆಯನ್ನು ಕಾಯುತ್ತಿದ್ದ ಬೇಲಿ ಊಟ ಮತ್ತು ಮದುವೆಯೇ ಅಲ್ಲವೇ ಎಂಬ ಪ್ರಶ್ನೆಗೆ ಆಗ ಅವರಲ್ಲಿ ನೇರ ಉತ್ತರವಿರಲಿಲ್ಲ. 1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಅವರು ಅಸ್ಪೃಶ್ಯತಾ ನಿವಾರಣೆಯನ್ನು ಸ್ವರಾಜ್ಯದ ಕಾರ್ಯಕ್ರಮದಲ್ಲೇ ಸೇರಿಸಿದರು. ಅವರು ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದು ಅದೊಂದೇ ಸಲ. ಅಲ್ಲಿಯೂ ಹೋರಾಟ ಅಸ್ಪೃಶ್ಯತೆಯ ವಿರುದ್ಧ, ವರ್ಣದ ವಿರುದ್ಧವಲ್ಲ.

ಈ ವಿರೋಧಾಭಾಸ ಪುಸ್ತಕದಿಂದ ಹೊರಬಂದು ರಾಜಕೀಯವಾದದ್ದು 1931-32ರಲ್ಲಿ. ಲಂಡನ್ನಿನ ಎರಡನೆಯ ದುಂಡುಮೇಜಿನ ಪರಿಷತ್ತಿನಲ್ಲಿ ಗಾಂಧೀಜಿ, ಅಸ್ಪೃಶ್ಯರ ನಿಜವಾದ ಪ್ರತಿನಿಧಿ ತಾವೇ ಎಂದರು. ಎದುರಿಗೆ ಡಾ. ಅಂಬೇಡ್ಕರ್ ಕುಳಿತಿದ್ದರು. ಮುಸ್ಲಿಮರಿಗೆ, ಸಿಖ್ಖರಿಗೆ ಪ್ರತ್ಯೇಕ ಮತಕ್ಷೇತ್ರ ಕೊಡಲು ಒಪ್ಪುವ ಗಾಂಧೀಜಿ ಅಸ್ಪೃಶ್ಯರಿಗೆ ಮಾತ್ರ ಏಕೆ ಒಪ್ಪುವುದಿಲ್ಲ ಎಂಬುದು ಅಂಬೇಡ್ಕರರ ಪ್ರಶ್ನೆ. ಅಸ್ಪೃಶ್ಯರು ಹಿಂದೂ ಸಮಾಜದ ಅಂಗ, ಕಾನೂನಿನಲ್ಲಿ ಬೇರೆಯಾಗಿಸಿದರೆ ಅವರು ಎಂದೆಂದಿಗೂ ಅಸ್ಪೃಶ್ಯರಾಗಿಯೇ ಉಳಿಯುತ್ತಾರೆ ಎಂಬುದು ಗಾಂಧೀಜಿಯ ಉತ್ತರ.

1932ರ ಆಗಸ್ಟಿನಲ್ಲಿ ಬ್ರಿಟಿಷ್ ಪ್ರಧಾನಿ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್ ಕೋಮುವಾರು ತೀರ್ಪು ಪ್ರಕಟಿಸಿದರು. ದಲಿತರಿಗೆ ಪ್ರಾಂತೀಯ ಶಾಸನಸಭೆಗಳಲ್ಲಿ 71 ಪ್ರತ್ಯೇಕ ಸ್ಥಾನ, ಜೊತೆಗೆ ಸಾಮಾನ್ಯ ಕ್ಷೇತ್ರದಲ್ಲೂ ಒಂದು ಮತ. ಯೆರವಡಾ ಜೈಲಿನಲ್ಲಿದ್ದ ಗಾಂಧೀಜಿ ಸೆಪ್ಟೆಂಬರ್ 20ರಂದು ಆಮರಣ ಉಪವಾಸ ಆರಂಭಿಸಿದರು.

ಆ ಐದಾರು ದಿನಗಳಲ್ಲಿ ಅಂಬೇಡ್ಕರ್ ಹೊತ್ತ ಭಾರ ಎಂಥದೆಂದು ಊಹಿಸಿಕೊಳ್ಳಬೇಕು. ಒಂದು ಕಡೆ, ಪಟ್ಟು ಹಿಡಿದು ಗಳಿಸಿದ ಹಕ್ಕು. ಇನ್ನೊಂದು ಕಡೆ, ದೇಶವೇ ಪೂಜಿಸುವ ಮನುಷ್ಯನ ಪ್ರಾಣ. ಆ ಪ್ರಾಣ ಹೋಗಿದ್ದರೆ ಅದಕ್ಕೆ ಬೆಲೆ ತೆರುತ್ತಿದ್ದವರು ಹಳ್ಳಿಹಳ್ಳಿಯ ಹೊರಗೆ ಕೇರಿಗಳಲ್ಲಿದ್ದ ನಿರಾಯುಧ ಜನ. ಉಪವಾಸ ಗಾಂಧೀಜಿಗೆ ಆತ್ಮಶಕ್ತಿಯ ಅಸ್ತ್ರವಾಗಿತ್ತು. ಎದುರು ನಿಂತವರಿಗೆ ಅದು ಬೆದರಿಕೆಯಂತೆ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದಕ್ಕೆ ಸಹಿ ಬಿತ್ತು. ಸ್ಥಾನಗಳು 71ರಿಂದ 148ಕ್ಕೆ ಏರಿದವು, ಪ್ರತ್ಯೇಕ ಮತಕ್ಷೇತ್ರ ಹೋಯಿತು. ದಲಿತ ಮತದಾರರು ಮೊದಲು ನಾಲ್ವರನ್ನು ಆರಿಸಬೇಕು, ಅವರಲ್ಲಿ ಒಬ್ಬರನ್ನು ಎಲ್ಲ ಜಾತಿಯವರೂ ಸೇರಿ ಗೆಲ್ಲಿಸಬೇಕು.

ಇಲ್ಲಿ ಅಂಬೇಡ್ಕರರ ಮಾತಿನಲ್ಲೂ ಏರಿಳಿತವಿದೆ. ಒಪ್ಪಂದದ ಮರುದಿನ ಮುಂಬಯಿಯ ಸಭೆಯಲ್ಲಿ ಅವರು, ತಮಗೂ ಗಾಂಧೀಜಿಗೂ ನಡುವೆ ಇಷ್ಟೊಂದು ಸಮಾನ ಅಂಶಗಳಿರುವುದನ್ನು ಕಂಡು ಬೆರಗಾಯಿತೆಂದು ಹೇಳಿದ್ದರು. 1945ರಲ್ಲಿ, ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳುವ ಪುಸ್ತಕ ಬರೆಯುವ ಹೊತ್ತಿಗೆ ಆ ಬೆರಗು ಕಹಿಯಾಗಿತ್ತು. ನಡುವಿನ ಹದಿಮೂರು ವರ್ಷಗಳ ಅನುಭವವನ್ನು ಓದದೆ ಆ ಕಹಿಯನ್ನು ಅಳೆಯುವುದು ಸರಿಯಲ್ಲ.

ಮೀಸಲು ಕ್ಷೇತ್ರಗಳ ಮೂಲ ಆ ಒಪ್ಪಂದದಲ್ಲಿದೆ. ನಾಲ್ವರನ್ನು ಆರಿಸುವ ಮೊದಲ ಸುತ್ತು ಸಂವಿಧಾನದಲ್ಲಿ ಉಳಿಯಲಿಲ್ಲ, ಜಂಟಿ ಮತದಾನ ಉಳಿಯಿತು. 2008ರ ಕ್ಷೇತ್ರ ಪುನರ್ವಿಂಗಡಣೆಯಂತೆ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗೆ ಮೀಸಲು. ಅಭ್ಯರ್ಥಿ ದಲಿತರೇ ಆಗಿರಬೇಕು, ಆದರೆ ಗೆಲುವು ಬಹುಮಟ್ಟಿಗೆ ದಲಿತೇತರರ ಮತದಲ್ಲಿದೆ. ಹಾಗೆ ಗೆದ್ದವರು ಯಾರ ಮಾತು ಕೇಳಬೇಕಾಗುತ್ತದೆ ಎಂಬ ಪ್ರಶ್ನೆಯನ್ನು ಅಂಬೇಡ್ಕರ್ ಎತ್ತಿದ್ದರು. ಪ್ರತಿ ಚುನಾವಣೆಯ ಟಿಕೆಟ್ ಹಂಚಿಕೆಯ ಕಾಲದಲ್ಲಿ ಅದು ಮತ್ತೆ ಏಳುತ್ತದೆ. ಪ್ರತ್ಯೇಕ ಕ್ಷೇತ್ರಗಳಿದ್ದಿದ್ದರೆ ಊರು-ಕೇರಿಯ ನಡುವಿನ ಗೋಡೆ ಇನ್ನೂ ಎತ್ತರವಾಗುತ್ತಿತ್ತೇ? ಗಾಂಧೀಜಿಯ ಆ ಭಯವನ್ನೂ ತಳ್ಳಿಹಾಕುವಂತಿಲ್ಲ.

ಒಪ್ಪಂದದ ಬೆನ್ನಿಗೇ ಗಾಂಧೀಜಿಯ ಪ್ರೇರಣೆಯಿಂದ ಹುಟ್ಟಿದ ಹರಿಜನ ಸೇವಕ ಸಂಘಕ್ಕೆ ಘನಶ್ಯಾಮದಾಸ್ ಬಿರ್ಲಾ ಅಧ್ಯಕ್ಷರು, ಠಕ್ಕರ್ ಬಾಪಾ ಕಾರ್ಯದರ್ಶಿ. ಆಡಳಿತವೆಲ್ಲ ಸವರ್ಣೀಯರದು. ಇದು ಸಾಲಗಾರರು ಸಾಲ ತೀರಿಸುವ ಸಂಸ್ಥೆ, ಸಾಲ ಕೊಟ್ಟವರಿಗೆ ಇಲ್ಲಿ ಕೆಲಸವಿಲ್ಲ ಎಂಬುದು ಗಾಂಧೀಜಿಯ ಸಮರ್ಥನೆ. ಅಂಬೇಡ್ಕರ್ ಅದರಿಂದ ಹೊರಬಂದರು. ‘ಹರಿಜನ’ ಎಂಬ ಹೆಸರಿನ ವಿಷಯದಲ್ಲೂ ಹೀಗೇ ಆಯಿತು. ಪ್ರೀತಿಯಿಂದಲೇ ಇಟ್ಟ ಹೆಸರು, ಆದರೆ ಹೊತ್ತುಕೊಳ್ಳಬೇಕಾದವರಲ್ಲಿ ಹಲವರಿಗೆ ಅದು ಒಪ್ಪಿಗೆಯಾಗಲಿಲ್ಲ. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಈ ಪದವನ್ನು ವಿರೋಧಿಸಿ ಅಂಬೇಡ್ಕರ್ ಮತ್ತು ಸಂಗಡಿಗರು ಸಭಾತ್ಯಾಗ ಮಾಡಿದರು. 1970ರ ದಶಕದಲ್ಲಿ ಕರ್ನಾಟಕದಲ್ಲಿ ದಲಿತ ಚಳವಳಿ ಎದ್ದ ಮೇಲೆ ಕನ್ನಡದ ಬರವಣಿಗೆಯಲ್ಲೂ ಆ ಪದ ಹಿಂದೆ ಸರಿಯಿತು.

ವಿಮರ್ಶಕ ಡಿ.ಆರ್. ನಾಗರಾಜ್ 1993ರಲ್ಲಿ ಪ್ರಕಟವಾದ ‘ದಿ ಫ್ಲೇಮಿಂಗ್ ಫೀಟ್’ ಇಂಗ್ಲಿಷ್ ಕೃತಿಯಲ್ಲಿ ಈ ಎಳೆಯನ್ನೇ ಹಿಡಿದರು. ಗಾಂಧೀಜಿಯದು ಸವರ್ಣೀಯನ ಆತ್ಮಶುದ್ಧಿಯ ದಾರಿ, ಅಂಬೇಡ್ಕರರದು ದಲಿತನ ಆತ್ಮಗೌರವದ ದಾರಿ. ಆತ್ಮಶುದ್ಧಿಯ ಕಥೆಯಲ್ಲಿ ನಾಯಕ ಯಾರು? ಪಶ್ಚಾತ್ತಾಪ ಪಡುವ ಸವರ್ಣೀಯ. ದಲಿತನಿಗೆ ಅದರಲ್ಲಿ ಸ್ವಂತ ಪಾತ್ರವೇ ಇಲ್ಲ. ಆದರೆ ನಾಗರಾಜ್ ಅಲ್ಲಿಗೇ ನಿಲ್ಲಲಿಲ್ಲ. ಆ ಘರ್ಷಣೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬದಲಾಯಿಸಿದರು ಎಂಬುದನ್ನೂ ತೋರಿಸಿದರು.

ಗಾಂಧೀಜಿ ಬದಲಾದದ್ದಂತೂ ನಿಜ. 1933-34ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಸುಮಾರು 12,500 ಮೈಲಿ ಸುತ್ತಿದರು. ಕೊಡಗು, ಮಂಗಳೂರುಗಳಿಗೂ ಬಂದರು. ದಾರಿಯುದ್ದಕ್ಕೂ ಸನಾತನಿಗಳು ಕಪ್ಪು ಬಾವುಟ ಹಿಡಿದರು. 1934ರ ಜೂನ್ 25ರಂದು ಪುಣೆಯಲ್ಲಿ ಅವರು ಬರುತ್ತಿದ್ದ ಕಾರೆಂದು ತಿಳಿದು ಇನ್ನೊಂದು ಕಾರಿನ ಮೇಲೆ ಬಾಂಬ್ ಎಸೆಯಲಾಯಿತು. ಅವರನ್ನು ಜಾತಿಯ ರಕ್ಷಕ ಎಂದಷ್ಟೇ ಚಿತ್ರಿಸುವವರು ಆ ಬಾಂಬಿಗೂ ಒಂದು ವಿವರಣೆ ಕೊಡಬೇಕಾಗುತ್ತದೆ.

1935ರ ನವೆಂಬರಿನಲ್ಲಿ, ಜಾತಿ ಹೋಗಲೇಬೇಕು ಎಂಬ ಶೀರ್ಷಿಕೆಯಲ್ಲೇ ಲೇಖನ ಬರೆದರು. ಆದರೂ ವರ್ಣವನ್ನು ಬಿಡಲಿಲ್ಲ. ಮರುವರ್ಷ ಅಂಬೇಡ್ಕರರ ‘ಜಾತಿ ವಿನಾಶ’ ಭಾಷಣ ಪುಸ್ತಕವಾಗಿ ಬಂದಾಗ, ಜಾತಿಗೂ ಧರ್ಮಕ್ಕೂ ಸಂಬಂಧವಿಲ್ಲ, ವರ್ಣವೆಂದರೆ ವಂಶದ ಕಸುಬಿನಿಂದ ಅನ್ನ ಸಂಪಾದಿಸುವ ಕರ್ತವ್ಯ ಎಂದು ವಾದಿಸಿದರು. ಬನಿಯಾ ಕುಲದ ಗಾಂಧೀಜಿ ತಕ್ಕಡಿ ಹಿಡಿಯದೆ ಬ್ಯಾರಿಸ್ಟರ್ ಆದದ್ದೇಕೆ ಎಂದು ಅಂಬೇಡ್ಕರ್ ತಿರುಗಿ ಕೇಳಿದರು. ಅದಕ್ಕೆ ಸಮಾಧಾನಕರ ಉತ್ತರ ಬರಲಿಲ್ಲ.

ಬದಲಾವಣೆ ಕಣ್ಣಿಗೆ ಕಾಣುವುದು ಮದುವೆಗಳ ವಿಷಯದಲ್ಲಿ. ಮಗ ದೇವದಾಸ್, ರಾಜಾಜಿಯವರ ಮಗಳು ಲಕ್ಷ್ಮಿಯನ್ನು ಇಷ್ಟಪಟ್ಟಾಗ ಹುಡುಗ ವೈಶ್ಯ, ಹುಡುಗಿ ಬ್ರಾಹ್ಮಣಳು. ವರ್ಷಗಟ್ಟಲೆ ಕಾಯಿರಿ ಎಂದು ಹಿರಿಯರು ಹೇಳಿದರು, ಮದುವೆಯಾದದ್ದು 1933ರಲ್ಲಿ. 1946ರ ಹೊತ್ತಿಗೆ ಅದೇ ಗಾಂಧೀಜಿ, ವಧೂವರರಲ್ಲಿ ಒಬ್ಬರು ಹರಿಜನರಾಗಿರದಿದ್ದರೆ ಸೇವಾಗ್ರಾಮದಲ್ಲಿ ಮದುವೆಯೇ ನಡೆಯದು ಎನ್ನುತ್ತಿದ್ದರು. ಸಹಭೋಜನವೂ ಬೇಡ ಎಂದು ಬರೆದು ಇಪ್ಪತ್ತೈದು ವರ್ಷವಾಗಿತ್ತು. ಆ ಕಾಲು ಶತಮಾನದಲ್ಲಿ ಹುಟ್ಟಿ ಬೆಳೆದ ಒಂದು ತಲೆಮಾರಿನ ದಲಿತರು ಅವರ ಹಿಂದಿನ ಮಾತನ್ನೇ ಕೇಳಿಕೊಂಡು ದೊಡ್ಡವರಾಗಿದ್ದರು.

ಆಂಧ್ರದ ನಾಸ್ತಿಕ ಸಮಾಜ ಸುಧಾರಕ ಗೋರಾ ಬ್ರಾಹ್ಮಣ ಕುಲದವರು. ಅವರು ತಮ್ಮ ಮಗಳನ್ನು ದಲಿತ ಯುವಕನಿಗೆ ಕೊಡಲು ನಿಶ್ಚಯಿಸಿದಾಗ, ಸೇವಾಗ್ರಾಮದಲ್ಲೇ ಮದುವೆ ಮಾಡಿಸೋಣವೆಂದು ಗಾಂಧೀಜಿ ಒಪ್ಪಿದ್ದರು. ದೇವರ ಹೆಸರಿಲ್ಲದ ಮದುವೆಗೂ ಅವರ ತಕರಾರಿರಲಿಲ್ಲ. 1948ರ ಜನವರಿ 30ರಂದು ದಿಲ್ಲಿಯಲ್ಲಿ ಅವರ ಹತ್ಯೆಯಾಯಿತು. ಮಾರ್ಚ್ ತಿಂಗಳಲ್ಲಿ ಸೇವಾಗ್ರಾಮದಲ್ಲಿ ಆ ಮದುವೆ ನಡೆಯಿತು.