ತಟ್ಟೆಗೆ ಬರುವ ಮೊದಲಿನ ಹೊತ್ತು

ಸಂಜೆಯ ಉಪನ್ಯಾಸಕ್ಕೆ ಬರುವವರು ದಾರಿಯಲ್ಲಿ ಯಾವುದಾದರೂ ದರ್ಶಿನಿಯ ಮುಂದೆ ನಿಂತು ಬಂದಿರುವ ಸಾಧ್ಯತೆಯೇ ಹೆಚ್ಚು. ಚೀಟಿ ಕೊಟ್ಟರೆ ಎರಡು ನಿಮಿಷದಲ್ಲಿ ಎರಡು ಇಡ್ಲಿ, ಜೊತೆಗೊಂದು ವಡೆ. ನಿಂತೇ ತಿಂದು, ಅರ್ಧ ಲೋಟ ಕಾಫಿ ಕುಡಿದು, ಕೈತೊಳೆದು ಹೊರಟರೆ ಒಟ್ಟು ಹತ್ತು ನಿಮಿಷ. ಅಂಥ ಸಭೆಯಲ್ಲಿ ‘ಸಾವಧಾನದ ಊಟ’ದ ಗುಣಗಾನ ಮಾಡುವುದು ತುಸು ಮುಜುಗರದ ಕೆಲಸವೇ. ಆದರೆ ಈ ವಿಷಯದ ಗಂಟು ಬಿಚ್ಚಲು ದರ್ಶಿನಿಯ ಕಟ್ಟೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಹಾಗಾಗಿ ಇಂದಿನ ಮಾತು ರೋಮ್‌ನಲ್ಲಿ ಹೊರಟು, ಬೆಂಗಳೂರಿನ ಬ್ರಿಗೇಡ್ ರಸ್ತೆ ಹಾದು, ಉಡುಪಿಯ ಮಟ್ಟು, ಮಲೆನಾಡಿನ ಹೊಳೆದಂಡೆ ಸುತ್ತಿ, ಮರಳಿ ಅದೇ ಕಟ್ಟೆಗೆ ಬರಲಿದೆ.

1986ರ ಮಾರ್ಚ್‌ನಲ್ಲಿ ರೋಮ್ ನಗರದ ಪಿಯಾಜ್ಜಾ ದಿ ಸ್ಪಾನ್ಯಾ ಚೌಕದಲ್ಲಿ ಮೆಕ್‌ಡೊನಾಲ್ಡ್ಸ್ ಮಳಿಗೆ ತೆರೆಯಿತು. ಲೋಕದ ಪ್ರವಾಸಿಗಳೆಲ್ಲ ಬಂದು ಕೂರುವ ಹಳೆಯ ಮೆಟ್ಟಿಲುಗಳ ಪಕ್ಕದಲ್ಲೇ ಹ್ಯಾಂಬರ್ಗರ್ ಅಂಗಡಿ ಬಂದದ್ದನ್ನು ಅನೇಕರು ಸಹಿಸಲಿಲ್ಲ. ಪ್ರತಿಭಟನೆಗೆ ಬಂದವರು ಪೆನ್ನೆ ಪಾಸ್ಟಾ ತುಂಬಿದ ಬಟ್ಟಲುಗಳನ್ನು ಜನರ ಕೈಗೆ ಕೊಟ್ಟರು. ಘೋಷಣೆಗಿಂತ ಊಟ ಬಡಿಸುವುದೇ ಗಟ್ಟಿ ಮಾತು ಎಂದು ಅವರಿಗೆ ತೋಚಿತ್ತು. ಆ ವಿರೋಧದ ಮುಂಚೂಣಿಯಲ್ಲಿದ್ದವರು ಕಾರ್ಲೊ ಪೆಟ್ರಿನಿ. ಉತ್ತರ ಇಟಲಿಯ ಪೀಡ್ಮಾಂಟ್ ಸೀಮೆಯ ಬ್ರಾ ಎಂಬ ಪುಟ್ಟ ಪಟ್ಟಣದಲ್ಲಿ 1949ರಲ್ಲಿ ಹುಟ್ಟಿದ, ಎಡಪಂಥದ ಒಲವಿನ ಪತ್ರಕರ್ತ.

ಅದೇ ವಸಂತದಲ್ಲಿ ಇಟಲಿ ಇನ್ನೊಂದು ಪೆಟ್ಟು ತಿಂದಿತ್ತು. ಅಗ್ಗದ ವೈನಿಗೆ ಮೆಥನಾಲ್ ಬೆರೆಸಿ ಮಾರಿದ್ದರಿಂದ ಇಪ್ಪತ್ತರ ಆಸುಪಾಸು ಜನ ಸತ್ತರು, ಕೆಲವರು ಕಣ್ಣು ಕಳೆದುಕೊಂಡರು. ವಿಷದ ಮೂಲ ದೂರದಲ್ಲೇನೂ ಇರಲಿಲ್ಲ. ವೈನಿಗೆ ಹೆಸರಾದ ಪೀಡ್ಮಾಂಟ್‌ನಲ್ಲೇ ಇತ್ತು. ಹೊರಗಿನಿಂದ ಬಂದ ಬರ್ಗರ್ ಕಣ್ಣಿಗೆ ಬಿತ್ತು, ಮನೆಯೊಳಗಿನ ಮೋಸ ಪ್ರಾಣ ತೆಗೆಯಿತು. ಪೆಟ್ರಿನಿ ಬಳಗದ ಮುಂದಿನ ಕೆಲಸ ಈ ಎರಡೂ ಘಟನೆಗಳ ಪಾಠ ಕಲಿತಂತಿದೆ. 1989ರ ಡಿಸೆಂಬರ್‌ನಲ್ಲಿ 15 ದೇಶಗಳ ಪ್ರತಿನಿಧಿಗಳು ಪ್ಯಾರಿಸ್ಸಿನಲ್ಲಿ ಸೇರಿ ಸ್ಲೋ ಫುಡ್ ಚಳವಳಿಯ ಪ್ರಣಾಳಿಕೆಗೆ ಸಹಿ ಹಾಕಿದರು. ಲಾಂಛನವಾಗಿ ಆರಿಸಿಕೊಂಡದ್ದು ಬಸವನಹುಳುವನ್ನು. ಅದು ನಿಧಾನಕ್ಕೆ ಹೆಸರಾದದ್ದು ಸರಿಯೇ, ಬ್ರಾ ಸೀಮೆಯಲ್ಲಿ ಅದು ಊಟದ ತಟ್ಟೆಗೂ ಬರುತ್ತದೆ!

ಆರಂಭದಲ್ಲಿ ಇದು ರುಚಿಕಟ್ಟಾಗಿ ಉಣ್ಣುವವರ ಕೂಟದಂತೆಯೇ ಇತ್ತು. ಚಳವಳಿಯ ದೃಷ್ಟಿ ಮೇಜಿನಿಂದ ಹೊಲಕ್ಕೆ ಹರಿದ ಬಗೆಯನ್ನು ಪೆಟ್ರಿನಿ ಒಂದು ಪ್ರಸಂಗದ ಮೂಲಕ ಹೇಳುತ್ತಿದ್ದರು. ಪೀಡ್ಮಾಂಟ್‌ನಲ್ಲಿ ಆಸ್ತಿ ಎಂಬ ಊರಿದೆ. ಅಲ್ಲಿಯ ಚೌಕಾಕಾರದ, ದಪ್ಪ ತೊಗಲಿನ ದೊಣ್ಣೆ ಮೆಣಸಿನಕಾಯಿಗೆ ದೊಡ್ಡ ಹೆಸರು. ತೊಂಬತ್ತರ ದಶಕದ ನಡುವೆ ಪೆಟ್ರಿನಿ ಆ ಸೀಮೆಯ ಪರಿಚಯದ ಹೋಟೆಲಿನಲ್ಲಿ ಮೆಣಸಿನಕಾಯಿಯ ಪಲ್ಯ ಪೆಪೆರೊನಾತಾ ತರಿಸಿಕೊಂಡರೆ ಸಪ್ಪೆ ಸಪ್ಪೆ. ವಿಚಾರಿಸಿದರೆ ಕಾಯಿ ಹಾಲೆಂಡಿನಿಂದ ಬಂದದ್ದು: ಅಗ್ಗ, ಅಳತೆ ಹಿಡಿದಂತೆ ಒಂದೇ ಗಾತ್ರ, ವಾರಗಟ್ಟಲೆ ಕೆಡುವುದಿಲ್ಲ. ಹಾಗಾದರೆ ಊರ ರೈತರ ಹಸಿರುಮನೆಗಳಲ್ಲಿ ಏನಿದೆ? ಟ್ಯುಲಿಪ್ ಗೆಡ್ಡೆ. ಅವು ಹೋಗುವುದೆಲ್ಲಿಗೆ? ಹಾಲೆಂಡಿಗೆ! ಕನ್ನಡದ ಕಿವಿಗೆ ಆ ಊರಿನ ಹೆಸರು ಬೇರೆ ಅರ್ಥವನ್ನೇ ಕೊಡುತ್ತದೆ. ಆಸ್ತಿಯವರು ಆಸ್ತಿ ಕಳೆದುಕೊಂಡದ್ದು ಯಾರದೋ ದಾಳಿಯಿಂದಲ್ಲ, ಲೆಕ್ಕದ ಪುಸ್ತಕದಿಂದ.

ಅಳಿವಿನ ಅಂಚಿನಲ್ಲಿರುವ ತಳಿ, ಹಣ್ಣು, ಗಿಣ್ಣು, ರೊಟ್ಟಿಗಳನ್ನು ಪಟ್ಟಿಮಾಡುವ ‘ಆರ್ಕ್ ಆಫ್ ಟೇಸ್ಟ್’, ಅಂದರೆ ರುಚಿಯ ನಾವೆ, 1996ರಲ್ಲಿ ಟೊರಿನೊದಲ್ಲಿ ಶುರುವಾಯಿತು. ಇಂದು ಅದರಲ್ಲಿ ಐದು ಸಾವಿರಕ್ಕೂ ಹೆಚ್ಚು ಪದಾರ್ಥಗಳಿವೆ. 2004ರಲ್ಲಿ ಅದೇ ನಗರದಲ್ಲಿ ನಡೆದ ‘ಟೆರ್ರಾ ಮಾದ್ರೆ’ ಸಮಾವೇಶಕ್ಕೆ ಸುಮಾರು 130 ದೇಶಗಳಿಂದ ರೈತರು, ಮೀನುಗಾರರು, ಕುರುಬರು ಬಂದರು. ಅದೇ ವರ್ಷ ಬ್ರಾ ಪಕ್ಕದ ಪೊಲೆಂತ್ಸೊದಲ್ಲಿ ಆಹಾರ ವಿಜ್ಞಾನಕ್ಕೆಂದೇ ಒಂದು ವಿಶ್ವವಿದ್ಯಾಲಯ ತೆರೆಯಿತು. 2015ರಲ್ಲಿ ಆದಿವಾಸಿ ಸಮುದಾಯಗಳ ಟೆರ್ರಾ ಮಾದ್ರೆ ನಡೆದದ್ದು ನಮ್ಮ ಶಿಲ್ಲಾಂಗ್‌ನಲ್ಲಿ.

ಇತ್ತ ಬೆಂಗಳೂರಿನಲ್ಲೂ ಒಂದು ಕಥೆ ನಡೆದಿತ್ತು. 1995ರ ಜೂನ್‌ನಲ್ಲಿ ಭಾರತದ ಮೊದಲ ಕೆಂಟಕಿ ಫ್ರೈಡ್ ಚಿಕನ್ ಮಳಿಗೆ ಬ್ರಿಗೇಡ್ ರಸ್ತೆಯಲ್ಲಿ ತೆರೆಯಿತು. 1996ರ ಜನವರಿ 30ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘದ ಕಾರ್ಯಕರ್ತರು ಅದರೊಳಗೆ ನುಗ್ಗಿ ಗಾಜು, ಪೀಠೋಪಕರಣ ಒಡೆದರು. ಅದಕ್ಕೂ ಮೊದಲು, 1992ರ ಡಿಸೆಂಬರ್‌ನಲ್ಲಿ, ಬೀಜದ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಯ ಕಡತಗಳನ್ನು ಬೀದಿಗೆಸೆದು ಸುಟ್ಟಿದ್ದರು. ರೋಮ್‌ನ ಪಾಸ್ಟಾ ಬಟ್ಟಲಿಗೂ ಬೆಂಗಳೂರಿನ ಒಡೆದ ಗಾಜಿಗೂ ನೇರ ನಂಟಿಲ್ಲ, ದಾರಿಯೂ ಬೇರೆ. ಗಾಜು ಒಡೆಯುವುದು ಸರಿಯೇ ಎಂಬ ಜಗಳ ಆಗಲೂ ಇತ್ತು, ಈಗಲೂ ಇದೆ. ಆದರೆ ಒಂದು ವಿಷಯದಲ್ಲಿ ರೈತ ಸಂಘ ಇಟಲಿಯವರಿಗಿಂತ ಮುಂದಿತ್ತು. ಪೆಟ್ರಿನಿ ಊಟದಿಂದ ಹೊರಟು ಬೀಜದ ಹತ್ತಿರ ಬಂದರು. ಇಲ್ಲಿಯ ರೈತರು ಬೀಜದಿಂದ ಹೊರಟು ಊಟದ ಅಂಗಡಿಗೆ ಬಂದರು.

ಎರಡೂ ಮಳಿಗೆಗಳು ಆ ಪ್ರತಿಭಟನೆಗಳಿಂದ ಮುಚ್ಚಿಹೋಗಲಿಲ್ಲ. ಬಾಗಿಲಲ್ಲಿ ತಡೆದು ಅವಸರವನ್ನು ನಿಲ್ಲಿಸಲಾಗದು ಎಂಬುದಕ್ಕೆ ಅಷ್ಟೇ ಸಾಕ್ಷಿ ಸಾಕು. ಹಾಗಾದರೆ ಉಳಿಯುವುದು ಉಳಿಯುವುದಾದರೂ ಹೇಗೆ?

ಉಡುಪಿ ಜಿಲ್ಲೆಯ ಕಟಪಾಡಿ ಪಕ್ಕದಲ್ಲಿ, ಕಡಲಿಗೆ ಅಂಟಿಕೊಂಡಂತೆ ಮಟ್ಟು ಎಂಬ ಹಳ್ಳಿಯಿದೆ. ಮಳೆಗಾಲದ ಭತ್ತ ಕೊಯ್ದ ಮೇಲೆ ಅಲ್ಲಿಯ ಗದ್ದೆಗಳಲ್ಲಿ ಗುಳ್ಳ ಏಳುತ್ತದೆ: ದುಂಡಗೆ, ತಿಳಿಹಸಿರು ಮೈಮೇಲೆ ಬಿಳಿ ಗೀರುಗಳ ಬದನೆ. ಸಿಪ್ಪೆ ತೆಳು, ಬೆಂದರೆ ಬೆಣ್ಣೆ. ಬೋಳು ಹುಳಿಗೆ, ಪೋಡಿಗೆ ಕರಾವಳಿಯವರು ಬೇರೆ ಬದನೆಯನ್ನು ಒಪ್ಪುವುದಿಲ್ಲ. ಸೋದೆ ಮಠದ ವಾದಿರಾಜ ಯತಿಗಳು ಇದರ ಬೀಜವನ್ನು ಮಟ್ಟುವಿನವರಿಗೆ ಕೊಟ್ಟರೆಂಬುದು ಐತಿಹ್ಯ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಉಡುಪಿಯಲ್ಲಿ ಪರ್ಯಾಯ ನಡೆಯುವಾಗ ಮಟ್ಟುವಿನವರ ಹೊರೆಕಾಣಿಕೆಯಲ್ಲಿ ಗುಳ್ಳ ಇರಲೇಬೇಕು. 2010ರಲ್ಲಿ ಕುಲಾಂತರಿ ಬಿಟಿ ಬದನೆಯ ವಿವಾದ ಕಾವೇರಿ, ಇಂಥ ನಾಟಿ ಬದನೆಗಳ ಗತಿಯೇನು ಎಂಬ ಮಾತು ಬಂದಾಗ ದೇಶಕ್ಕೆಲ್ಲ ಈ ಹೆಸರು ಕೇಳಿಸಿತು. ಆ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು. ಮರುವರ್ಷ ಮಟ್ಟುಗುಳ್ಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಬೇರೆ ಕಡೆಯ ಗುಳ್ಳ ಇದೇ ಹೆಸರಿನಲ್ಲಿ ಮಾರಾಟವಾಗತೊಡಗಿದಾಗ ಬೆಳೆಗಾರರು ಕಾಯಿಗೇ ಸ್ಟಿಕ್ಕರ್ ಅಂಟಿಸತೊಡಗಿದರು.

ಆಸ್ತಿಯ ಮೆಣಸಿನಕಾಯಿಯನ್ನೂ ಮಟ್ಟುವಿನ ಗುಳ್ಳವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಒಂದೊಂದು ಮಣ್ಣಿಗೆ ಒಗ್ಗಿದ ತರಕಾರಿ, ಎರಡಕ್ಕೂ ಅಗ್ಗದ ಎದುರಾಳಿ. ಮಟ್ಟುವಿನಲ್ಲಿ ಮಾತ್ರ ‘ಅದೇ ಬೇಕು’ ಎಂದು ಪಟ್ಟುಹಿಡಿಯುವ ಬಾಯಿಗಳಿದ್ದವು. ಒಂದು ಮಠದ ಪದ್ಧತಿ, ಒಂದು ಜಿಲ್ಲೆಯ ನಾಲಿಗೆ, ಜೊತೆಗೊಂದು ಕಾನೂನಿನ ಮುದ್ರೆ ಸೇರಿ ಗದ್ದೆಯನ್ನು ಕಾದವು.

ಮಲೆನಾಡಿನ ಅಪ್ಪೆಮಿಡಿಯ ಪಾಡು ಇನ್ನೂ ನಾಜೂಕು. ಅಘನಾಶಿನಿ, ಶರಾವತಿ, ವರದಾ ಹೊಳೆಗಳ ದಂಡೆಯ ಕಾಡುಮಾವು ಅದು. 2009ರಲ್ಲಿ ಅದಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ಗೊರಟು ಬಿತ್ತಿದರೆ ತಾಯಿಮರದ ಗುಣ ಹಾಗೆಯೇ ಬರುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಜೀರಿಗೆಯ ಪರಿಮಳದ ಒಂದು ಮರ ಉರುಳಿದರೆ, ಯಾರೂ ಕಸಿ ಕಟ್ಟಿರದಿದ್ದರೆ, ಆ ಪರಿಮಳ ಅಲ್ಲಿಗೆ ಮುಗಿಯಿತು. ಉದುರಿದ ಮಿಡಿ ಉಪ್ಪಿನಕಾಯಿಗೆ ಬಾರದು. ಹೊಳೆಯ ಮೇಲೆ ಬಾಗಿದ ಕೊಂಬೆ ಹತ್ತಿ ತೊಟ್ಟುಸಹಿತ ಕೊಯ್ಯಬೇಕು, ಸೊನೆ ಸೋರಿಹೋಗಬಾರದು. ಉಪ್ಪಿನಲ್ಲಿ ವಾರಗಟ್ಟಲೆ ಚಿರುಟಿದ ಮೇಲೆ ಸಾಸಿವೆ, ಮೆಣಸಿನ ಖಾರ, ಆಮೇಲೆ ಭರಣಿ. ಹದ ಸರಿಯಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಬೇಡಿಕೆ ಹೆಚ್ಚಿದ ಮೇಲೆ ಹತ್ತುವ ಶ್ರಮ ಉಳಿಸಲು ಕೊಂಬೆಯನ್ನೇ ಕಡಿದು ಇಳಿಸುವವರು ಬಂದರು. ನಿಧಾನದ ತಿನಿಸಿಗೂ ಅವಸರದ ಮಾರುಕಟ್ಟೆ ಹುಟ್ಟಿದರೆ ಹೀಗಾಗುತ್ತದೆ. ಸಮಾಧಾನದ ಸಂಗತಿಯೆಂದರೆ ಸಾಗರ, ಶಿರಸಿ ಕಡೆಯ ಆಸಕ್ತರು ಕಸಿ ಕಟ್ಟಿ ತೋಟಕ್ಕೆ ತಂದಿದ್ದಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ತಳಿಗಳನ್ನು ಸಂಗ್ರಹಿಸಿದೆ.

ಇಷ್ಟು ಹೇಳಿದ ಮೇಲೆ ಸಭೆಯ ಹಿಂದಿನ ಸಾಲಿನಿಂದ, ಬಹುಶಃ ಹೆಂಗಸರ ಕಡೆಯಿಂದ, ಒಂದು ಪ್ರಶ್ನೆ ಏಳಬೇಕು. ಈ ನಿಧಾನವನ್ನೆಲ್ಲ ಹೊತ್ತವರು ಯಾರು? ರಾಗಿ ಕಲ್ಲಿನ ಪದಗಳು ಜಾನಪದದ ಸಂಪತ್ತು ನಿಜ. ಆದರೆ ಕೋಳಿ ಕೂಗುವ ಮೊದಲೇ ಎದ್ದು ಬೀಸುತ್ತಿದ್ದ ತೋಳುಗಳು ನೋಯುತ್ತಿದ್ದವು. ಹಳ್ಳಿಗೆ ಹಿಟ್ಟಿನ ಗಿರಣಿ ಬಂದಾಗ ಯಾವ ಸೊಸೆಯೂ ಬೀಸುವ ಕಲ್ಲಿಗಾಗಿ ಅತ್ತಿರಲಾರಳು. ನವಣೆ, ಸಾವೆ, ಹಾರಕ ಊಟದಿಂದ ಸರಿದದ್ದಕ್ಕೆ ಪಡಿತರದ ಅಕ್ಕಿ ಒಂದು ಕಾರಣವಾದರೆ, ಒನಕೆಯಲ್ಲಿ ಕುಟ್ಟಿ ಅವುಗಳ ಸಿಪ್ಪೆ ಬಿಡಿಸುವ ಪಾಡು ಇನ್ನೊಂದು. ಅಕ್ಕಿಗೆ ಊರೂರಿಗೆ ಗಿರಣಿ ಬಂತು; ಸಾವೆಗೆ ಬಹುಕಾಲ ಬರಲಿಲ್ಲ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು, ಒಂದು ಕಾಲದ ಬಡವರ ಊಟ ಚಂದದ ಪೊಟ್ಟಣದಲ್ಲಿ ಅಕ್ಕಿಗಿಂತ ದುಬಾರಿಯಾಗಿ ಕೂತಿತು.

ಸ್ಲೋ ಫುಡ್ ಕೂಡ ‘ಉಳ್ಳವರ ಚಪಲ’ ಎಂಬ ಮಾತನ್ನು ಬಹಳ ಕೇಳಿದೆ. ಅದಕ್ಕೇ ಪೆಟ್ರಿನಿ 2005ರ ಪುಸ್ತಕದಲ್ಲಿ ಊಟಕ್ಕೆ ಮೂರು ಅಳತೆಗೋಲು ಇಟ್ಟರು: ರುಚಿಯಾಗಿರಬೇಕು, ಮಣ್ಣು ನೀರು ಕೆಡಿಸಿರಬಾರದು, ಬೆಳೆದವನಿಗೆ ನ್ಯಾಯದ ಬೆಲೆ ಸಿಗಬೇಕು. ಮೂರನೆಯದು ಕಷ್ಟದ್ದು. ಅದಕ್ಕೆ ಇಟಲಿಗಿಂತ ಚೆನ್ನಾದ ಉದಾಹರಣೆ ಉತ್ತರ ಕರ್ನಾಟಕದಲ್ಲಿದೆ. ಅಲ್ಲಿಯ ಊರುಗಳಲ್ಲಿ ಹೆಂಗಸರೇ ನಡೆಸುವ ರೊಟ್ಟಿ ಕೇಂದ್ರಗಳಿವೆ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಕೈಯಲ್ಲಿ ಬಡಿದು, ಹಂಚಿನ ಮೇಲೆ ಬೇಯಿಸಿ, ಒಣಗಿಸಿದ ಕಟಕ್ ರೊಟ್ಟಿ ಅಲ್ಲಿಂದ ಖಾನಾವಳಿಗೆ, ಮದುವೆ ಮನೆಗೆ, ಪಾರ್ಸಲ್ಲಾಗಿ ಬೆಂಗಳೂರು ಪುಣೆಗೆ ಹೋಗುತ್ತದೆ. ಕೊಳ್ಳುವವನಿಗೆ ಅದು ಪೊಟ್ಟಣ ಬಿಚ್ಚಿ ತಿನ್ನುವ ಊಟ, ಫಾಸ್ಟ್ ಫುಡ್ಡಿಗಿಂತಲೂ ಫಾಸ್ಟ್. ಬಡಿಯುವವಳ ಹೊತ್ತು ಮಾತ್ರ ಹಿಂದಿನಷ್ಟೇ. ವ್ಯತ್ಯಾಸವೆಂದರೆ ಮನೆಯಲ್ಲಿ ಆ ಹೊತ್ತಿಗೆ ದರವಿರಲಿಲ್ಲ, ಇಲ್ಲಿ ರೊಟ್ಟಿಗಿಷ್ಟು ಎಂಬ ಲೆಕ್ಕವಿದೆ.

ಈ ಕಣ್ಣಿನಿಂದ ನೋಡಿದರೆ ಊಟದ ನಿಧಾನ ಎಷ್ಟು ಹೊತ್ತು ಅಗಿಯುತ್ತೇವೆ ಎಂಬುದರಲ್ಲಿಲ್ಲ. ತಟ್ಟೆಗೆ ಬರುವ ಮುಂಚೆ ಮಣ್ಣು, ಬೀಜ, ಪಾತ್ರೆ, ಕೈ ಎಷ್ಟು ಹೊತ್ತು ಕೆಲಸ ಮಾಡಿವೆ, ಆ ಹೊತ್ತಿನ ಕೂಲಿ ಯಾರಿಗೆ ಸಂದಿದೆ ಎಂಬುದರಲ್ಲಿದೆ.

ಈಗ ಕಟ್ಟೆಗೆ ಮರಳಬಹುದು. ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದದ್ದು 1983ರಲ್ಲಿ. ಕುರ್ಚಿ ತೆಗೆದುಹಾಕಿ, ಅಡುಗೆಮನೆ ಗಿರಾಕಿಯ ಕಣ್ಣಿಗೆ ಕಾಣುವಂತಿಟ್ಟು, ಕೈಗೆಟುಕುವ ಬೆಲೆಯಲ್ಲಿ ನಿಂತು ತಿನ್ನುವ ಪದ್ಧತಿ ಊರೆಲ್ಲ ಹಬ್ಬಿತು. ಬಡಿಸುವ ಬಗೆ ಪೂರ್ತಿ ಫಾಸ್ಟ್ ಫುಡ್. ಬಡಿಸುವ ತಿಂಡಿ? ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲೇ ಇಡ್ಡಲಿಗೆಯ ಹೆಸರಿದೆ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ರುಬ್ಬಿ, ಮೊಸರಿನ ತಿಳಿ, ಜೀರಿಗೆ, ಇಂಗು ಬೆರೆಸುವ ವಿಧಾನವಿದೆ. ಆಮೇಲೆ ಅಕ್ಕಿ ಸೇರಿತು, ಗ್ರೈಂಡರ್ ಬಂತು, ಗ್ಯಾಸ್ ಬಂತು. ಹುದುಗಿನ ಹೊತ್ತನ್ನು ಮಾತ್ರ ಯಾವ ಯಂತ್ರವೂ ಹೆಚ್ಚು ಇಳಿಸಲಿಲ್ಲ. ಉದ್ದಿನ ಜೊತೆಗೇ ಬರುವ ಲ್ಯುಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ತನ್ನ ಪಾಡಿಗೆ ಹಿಟ್ಟು ಉಬ್ಬಿಸಬೇಕು, ಹುಳಿ ಬರಿಸಬೇಕು. ಚಳಿಗಾಲದಲ್ಲಿ ಅದಕ್ಕೆ ಇನ್ನಷ್ಟು ಹೊತ್ತು ಬೇಕು. ಅವಸರಕ್ಕೆ ಸೋಡಾ ಹಾಕಿದರೆ ಇಡ್ಲಿ ಉಬ್ಬುತ್ತದೆ, ಆದರೆ ಆ ಹದವಾದ ಹುಳಿ ಬರುವುದಿಲ್ಲ. ಎರಡು ನಿಮಿಷದಲ್ಲಿ ಕೈಗೆ ಬರುವ ಇಡ್ಲಿಯ ಹಿಂದೆ ನೆನೆಯುವ ನಾಲ್ಕಾರು ಗಂಟೆ, ಉಬ್ಬುವ ಎಂಟು ಹತ್ತು ಗಂಟೆ ನಿಂತಿವೆ.

ಈ ಸಭೆ ಮುಗಿದು ಜನ ಮನೆ ಸೇರುವ ಹೊತ್ತಿಗೆ ದರ್ಶಿನಿಯ ಶಟರ್ ಅರ್ಧ ಇಳಿದಿರುತ್ತದೆ. ಒಳಗೆ ಒಬ್ಬ ಹುಡುಗ ನೆನೆದ ಉದ್ದಿನ ನೀರು ಬಸಿದು ಗ್ರೈಂಡರಿಗೆ ಸುರಿಯುತ್ತಿರುತ್ತಾನೆ. ನೊರೆಯೆದ್ದ ಹಿಟ್ಟಿಗೆ ಅಕ್ಕಿತರಿ ಬೆರೆಸಿ, ಉಬ್ಬಲು ಜಾಗ ಬಿಟ್ಟು, ಪಾತ್ರೆಗೆ ಮುಚ್ಚಳ ಹಾಕಿ ದೀಪ ಆರಿಸುತ್ತಾನೆ. ಬೆಳಗಿನ ಐದಕ್ಕೆ ಬಂದು ನೋಡುವ ಹೊತ್ತಿಗೆ ಹಿಟ್ಟು ಆ ಮುಚ್ಚಳವನ್ನು ಒಂದಿಷ್ಟು ಎತ್ತಿರುತ್ತದೆ.