ಸಕ್ಕರೆ ಕಾಯಿಲೆ ಮತ್ತು ರಕ್ತನಾಳದ ಸುಣ್ಣ
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತು)



ನಾವು ಎಸ್ಸೆಸ್ಸೆಲ್ಸಿ ಓದಿದ ರೈತರು, ಡಾಕ್ಟರಲ್ಲ. ಮನೆಯಲ್ಲಿ ಪಟ್ಟ ಪಾಡನ್ನಷ್ಟೇ ಹೇಳ್ತೀವಿ. ನಮ್ಮ ಅಣ್ಣನವರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ರಕ್ತ ಕೊಡೋ ಮುಂಚೆ ಎರಡು ದಿನ ಬಾಯಿ ಕಟ್ಟೋರು, ರಿಪೋರ್ಟು ಚೆನ್ನಾಗೇ ಬರೋದು. 2019ರಲ್ಲಿ ಒಂದಿನ ಗದ್ದೆ ಬದುವಿನ ಮೇಲೆ ಬೆವತು, ಉಸಿರು ಕಟ್ಟಿ ಕೂತುಬಿಟ್ಟರು. ಎದೆನೋವು ಇರಲೇ ಇಲ್ಲ. ಸಕ್ಕರೆಯವರಿಗೆ ನರ ಮಂಕಾಗಿ ನೋವೇ ತಿಳಿಯದೆ ಇರಬಹುದಂತೆ. ಹೃದಯದ ರಕ್ತನಾಳದಲ್ಲಿ ಸುಣ್ಣ ಕಟ್ಟಿದೆ ಅಂದರು ಡಾಕ್ಟರು. ಬೋರಿನ ಪೈಪಿನೊಳಗೆ ಬಿಳಿ ಪೊರೆ ಕಟ್ಟೋದಿಲ್ಲವೇ, ಹಾಗೆ. ಎಲೆಗೆ ಹಚ್ಚೋ ಸುಣ್ಣ ಹೋಗಿ ಕೂತದ್ದಲ್ಲ, ಅದನ್ನೂ ಕೇಳಿಕೊಂಡೇ ಬಂದಿದ್ದೀವಿ!

ಎರಡು ದಿನದ ಪಥ್ಯಕ್ಕೆ ಮೋಸಹೋಗದ ಪರೀಕ್ಷೆ ಎಚ್‌ಬಿ ಎ-ಒನ್-ಸಿ. ನಮ್ಮ ಸೊಸೈಟಿ ಖಾತೆ ಪುಸ್ತಕದ ಹಾಗೆ ಸುಮಾರು ಮೂರು ತಿಂಗಳ ಲೆಕ್ಕ ಹೇಳುತ್ತೆ. ಹೆಚ್ಚಿನವರಿಗೆ 7ರ ಒಳಗಿರಬೇಕು. ಅಣ್ಣನವರದು 10 ದಾಟಿತ್ತು. ಜೊತೆಗೆ ಕೊಲೆಸ್ಟ್ರಾಲ್, ಕ್ರಿಯಾಟಿನಿನ್ ಕೂಡ ನೋಡಿಸಬೇಕು. ಮೂತ್ರಪಿಂಡ ಕೆಟ್ಟವರಿಗೆ ಸುಣ್ಣ ಬೇಗ ಕಟ್ಟುತ್ತೆ. ನಾಳದೊಳಗಿನ ಸುಣ್ಣ ನೋಡೋಕೆ ಸಿ.ಟಿ. ಸ್ಕ್ಯಾನ್ ಮಾಡಿಸಬಹುದು. ಅದು ಎಲ್ಲರಿಗೂ ಬೇಕಾಗೋದಿಲ್ಲ, ಡಾಕ್ಟರು ಹೇಳಿದರೆ ಮಾಡಿಸಿದರಾಯ್ತು.

ಸಹಕಾರಿಗಳಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿ 2018ರಲ್ಲಿ ನಿಂತುಹೋಗಿತ್ತು. ಹಾಗಾಗಿ ಅಣ್ಣನವರ ಸ್ಟೆಂಟಿಗೆ ಅಡಿಕೆ ಮಾರಿ ದುಡ್ಡು ಕಟ್ಟಿದೆವು. 2022ರ ಕೊನೆಗೆ ಮತ್ತೆ ನೋಂದಣಿ ಶುರುವಾಯಿತು. ವಂತಿಗೆ ಕಟ್ಟಿಸಿಕೊಳ್ಳೋಕೆ ಕಾರ್ಯದರ್ಶಿಗಳು ಮನೆ ಬಾಗಿಲಿಗೆ ಬಂದಾಗ ದಯಮಾಡಿ "ನಾಳೆ ಬನ್ನಿ" ಅನ್ನಬೇಡಿ.